ಗೋಕಟ್ಟೆಯ ಫಲಾನುಭವಿಗಳು

ಸ್ವಯಂಸೇವಕ, ಫಲಾನುಭವಿ, ಶ್ರಮದಾನ, ಸಮುದಾಯದ ಸಹಭಾಗಿತ್ವ. ತಳಕು ಊರಿನಲ್ಲಿ ನಡೆದ ನಮ್ಮ ಸಂಸ್ಥೆಯ ತರಬೇತಿಯಲ್ಲಿ ಈ ಪದಗಳನ್ನು ಬೋರ್ಡಿನ ಮೇಲೆ ದುಂಡಗೆ ಬರೆದು ಅರ್ಥ ಹೇಳಿಕೊಟ್ಟವನು ನಾನೇ. ಈಗ ಅವು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ನಾವು ಸಂಸ್ಥೆಯವರು ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನ ಗೋಕಟ್ಟೆಯ ಹೂಳೆತ್ತಲು ಹೊರಟೆವು. ದನ, ಕುರಿ ನೀರು ಕುಡಿಯುವ ಸಣ್ಣ ಹೊಂಡ ಅದು. ನಲವತ್ತು ಜನ, ಒಂದೇ ಬಣ್ಣದ ಟೀ ಶರ್ಟು, ಹೊಸ ಗುದ್ದಲಿ, ಮೇಲೊಂದು ಬ್ಯಾನರ್. ಆ ಹೊಂಡವನ್ನೇ ನಂಬಿ ಕುರಿ ಸಾಕಿದ್ದ ಅಜ್ಜಿಯೊಬ್ಬಳು ದಂಡೆಯ ಮೇಲೆ ನಿಂತು ಕೂಗಿದಳು.

“ಮ್ಯಾಲಿನ ಹೂಳು ಸಾಕು ಕಣ್ರಪ್ಪ. ತಳದ ಜೇಡಿ ಮುಟ್ಟಬ್ಯಾಡ್ರಿ, ನೀರು ನಿಲ್ಲಲ್ಲ!”

“ಆಯ್ತಜ್ಜಿ, ನೀವು ನೆಳ್ಳಾಗೆ ಕೂತ್ಕಳ್ರಿ” ಎಂದು ನಕ್ಕೆ. ಆಳವಾದಷ್ಟೂ ಫೋಟೋ ಚೆನ್ನಾಗಿ ಬರುತ್ತದಲ್ಲ! ಜೇಡಿಯ ಕೆಳಗಿನ ಗರಸುಕಲ್ಲು ಕಾಣುವವರೆಗೂ ಅಗೆದು, ಜೇಡಿಯನ್ನೆಲ್ಲ ದಂಡೆಯಾಚೆ ಸುರಿದೆವು. ಚಳ್ಳಕೆರೆಯಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಅಬ್ಬಾ, ಗಾಡಿ ಓಡಿಸುವವನನ್ನು ಕೇಳದೆ ಒಂದು ನಟ್ಟೂ ಬಿಚ್ಚುವುದಿಲ್ಲ. ಅವರ ಮಗ ನಾನು, ನಾಚಿಕೆಗೇಡು.

ಮೊದಲ ಮಳೆಗೆ ಹೊಂಡ ತುಂಬಿತು. ನಾಲ್ಕನೇ ದಿನಕ್ಕೆ ಒಂದು ಹನಿ ಇರಲಿಲ್ಲ. ಅಜ್ಜಿ ಕುರಿಗಳನ್ನು ಬಿಸಿಲಲ್ಲಿ ದೂರದ ತೊಟ್ಟಿಗೆ ಹೊಡೆದುಕೊಂಡು ಹೋಗಬೇಕಾಯಿತು. ಆ ನಡಿಗೆಗೆ ಎರಡು ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು.

ವಿಷಯ ತಿಳಿದು ಓಡಿದೆ. “ಬಂದೇನಪ್ಪ ಪುಣ್ಯಾತ್ಮ? ಯಾರು ಕರೆದಿದ್ರೋ ನಿಮ್ಮನ್ನ? ಇದ್ದದ್ದನ್ನೂ ಹಾಳು ಮಾಡಿದ್ರಲ್ಲೋ! ನಿಮ್ಮ ಸೇವೆಗಿಷ್ಟು ಬೆಂಕಿ ಹಾಕ!” ಎಂದು ಉಗಿದಳು. ಆಮೇಲೆ ಮಣ್ಣು ಹೊರುವ ಒಂದು ಪುಟ್ಟಿ ತಂದು ನನ್ನ ಕಾಲ ಬಳಿ ಎಸೆದಳು. “ಹೊರು.”

ಅಜ್ಜಿ, ಅವಳ ಸೊಸೆ, ನಾನು ಮೂವರೂ ದಂಡೆಯಾಚೆ ಸುರಿದಿದ್ದನ್ನು ಎಂಟು ದಿನ ವಾಪಸು ಹೊತ್ತೆವು. ಜೇಡಿ ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಅಜ್ಜಿ ಇಡೀ ಕುರಿಹಿಂಡನ್ನು ಸುತ್ತು ಹೊಡೆಸಿದಳು. ಗೊರಸು ತುಳಿದು ತುಳಿದು ಮಣ್ಣು ಗಟ್ಟಿಯಾಗಿ ಕೂತಿತು. ಅವಳ ಮಾವನ ಕಾಲದಿಂದಲೂ ಹೊಂಡದ ತಳ ಕಟ್ಟುವುದು ಹೀಗೆಯೇ ಅಂತೆ. ನಮ್ಮ ಕೈಪಿಡಿಯಲ್ಲಿ ಇದಕ್ಕೊಂದು ಪದವೂ ಇಲ್ಲ.

ಅಷ್ಟರಲ್ಲಿ ಮೊಳಕಾಲ್ಮೂರಿನಲ್ಲಿ ಇಂಥದ್ದೇ ಶಿಬಿರ ಮಾಡಲು ಮೇಲಿನವರು ನನ್ನಿಂದ ವರದಿ ಕೇಳಿದರು. “ಫಲಾನುಭವಿ ಅಂತ ಆ ಮುದುಕಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ.” ಥೂ! ವರದಿ ಫಾರ್ಮಿನ ಸ್ವಯಂಸೇವಕರ ಕಾಲಮ್ಮಿನಲ್ಲಿ ಅಜ್ಜಿಯ ಹೆಸರು, ಸೊಸೆಯ ಹೆಸರು ಬರೆದೆ. ಫಲಾನುಭವಿಗಳ ಕಾಲಮ್ಮಿನಲ್ಲಿ ನಮ್ಮ ನಲವತ್ತೂ ಹೆಸರು ಬರೆದೆ, ಮೊದಲನೆಯದು ನನ್ನದು. ಫೋಟೋ, ಊಟ, ಸರ್ಟಿಫಿಕೇಟು ಎಲ್ಲ ನಮಗೇ ತಾನೆ ಸಿಕ್ಕಿದ್ದು? ‘ತಪ್ಪು ತಿದ್ದಿ ಕಳಿಸಿ’ ಎಂದು ಕೆಂಪು ಶಾಯಿಯಲ್ಲಿ ಬರೆದ ಫಾರ್ಮು ವಾಪಸು ಬಂತು. ನಾನು ತಿದ್ದಲಿಲ್ಲ.

ಮುಂದಿನ ಮಳೆ ಹೊಯ್ದು ಹತ್ತು ದಿನಕ್ಕೆ ಅಜ್ಜಿಯ ಫೋನು ಬಂತು.

“ನೀರು ನಿಂತೈತಪ್ಪ. ಕುರಿ ಕುಡೀತಾವೆ. ನೀನು ಬಾ, ಮಜ್ಜಿಗೆ ಕುಡಿದು ಹೋಗುವಂತೆ. ಆ ಬ್ಯಾನರ್‌ನೋರ್ನ ಮಾತ್ರ ಕರ್ಕೊಂಡು ಬರಬ್ಯಾಡ.”