ಕೋಡಿನ ಬಣ್ಣದ ಕಾರು

ಸಂಶಿಯ ಬಸ್ ಸ್ಟ್ಯಾಂಡಿನಿಂದ ಕುಂದಗೋಳದ ಕಡೆ ನಾಲ್ಕು ಹೆಜ್ಜೆ ನಡೆದರೆ ಎಡಕ್ಕೆ ನನ್ನ ಮೋಟರ್ ರಿವೈಂಡಿಂಗ್ ಅಂಗಡಿ. ಅದರ ಪಕ್ಕಕ್ಕೇ ಪೇಂಟರ್ ಮಹಬೂಬಸಾಬರ ಶೆಡ್ಡು. ನಡುವೆ ಒಂದೇ ತಗಡಿನ ಗೋಡೆ. ಹತ್ತೊಂಬತ್ತು ವರ್ಷದಿಂದ ಆ ತಗಡಿನಾಚೆಯಿಂದ ದಿನಾ ಬೆಳಿಗ್ಗೆ ನನ್ನ ಕಿವಿಗೆ ಬೀಳುವ ಮೊದಲ ಮಾತು ‘ಹೇಸಿ’. ಯಾರೋ ಟ್ರ್ಯಾಲಿ ತಂದು ನಿಲ್ಲಿಸುತ್ತಾರೆ, ಮಹಬೂಬಸಾಬರು ಹಳೇ ಬಣ್ಣದ ಮೇಲೆ ಹೆಬ್ಬೆರಳು ಎಳೆದು ನೋಡುತ್ತಾರೆ, ‘ಹೇಸಿ’ ಅನ್ನುತ್ತಾರೆ. ಅವರ ಬಾಯಲ್ಲಿ ಅದು ಬೈಗುಳವಲ್ಲ, ತೀರ್ಪು. ತುಕ್ಕು ಕೆರೆಯದೆ ಬಳಿದದ್ದು ಹೇಸಿ, ಪ್ರೈಮರ್ ಇಲ್ಲದ್ದು ಹೇಸಿ, ಗೆರೆ ಸೊಟ್ಟಗಾದದ್ದು ಹೇಸಿ. ಈಚೆಗೆ ಎಲ್ಲರ ಗಾಡಿಗೂ ಅಂಟಿಕೊಂಡಿರುವ ರೇಡಿಯಂ ಸ್ಟಿಕ್ಕರಂತೂ ಎಲ್ಲ ಹೇಸಿಗಳ ಅಪ್ಪ.

ಅರವತ್ತಾರು ವರ್ಷದ ಈ ಮನುಷ್ಯನಿಗೆ ಕೆಟ್ಟ ಬಣ್ಣ ಕಂಡರೆ ನಿಜವಾಗಿಯೂ ತುತ್ತು ಇಳಿಯುವುದಿಲ್ಲ. ಒಮ್ಮೆ ಅಣ್ಣಿಗೇರಿಯಲ್ಲಿ ಬೀಗರ ಮದುವೆಗೆ ಹೋದವರು ಊಟ ಬಿಟ್ಟು ಎದ್ದು ಬಂದರು. ಹೆಂಡತಿ ಖಾಸಿಂಬಿ ಬಸ್ಸಿನುದ್ದಕ್ಕೂ ಜಗಳ ತೆಗೆದಳಂತೆ. ಕಾರಣ ಏನೆಂದರೆ, ಪಂಕ್ತಿಯಲ್ಲಿ ಅವರನ್ನು ಕೂರಿಸಿದ್ದು ಹೊಸದಾಗಿ ಬಣ್ಣ ಹಚ್ಚಿದ ಬಾಗಿಲಿನ ಎದುರಿಗೆ, ಆ ಬಾಗಿಲಿನ ಮೇಲೆ ಬಣ್ಣ ಸೋರಿ ಹನಿಹನಿಯಾಗಿ ಒಣಗಿತ್ತು. ‘ಮೂಗು ಸೋರಿಸ್ಕೊಂಡ ಕೂಸಿನ ಮುಂದ ಕುಂತು ಬಿರಿಯಾನಿ ತಿನ್ನಂದ್ರ ಹೆಂಗ ತಿನ್ಲಿ?’ ಎಂದು ಮರುದಿನ ನನ್ನನ್ನೇ ಕೇಳಿದರು. ಮನೆಯಲ್ಲಿ ಉರ್ದು ಮಾತಾಡುವವರು ಅವರು, ಆದರೆ ಅಸಹ್ಯ ಪಡಲಿಕ್ಕೆ ಮಾತ್ರ ಕನ್ನಡವೇ ಬೇಕು.

ಒಂದು ಕೆಲಸವನ್ನು ಮಾತ್ರ ಅವರು ಎಂದೂ ಮುಟ್ಟಿದವರಲ್ಲ. ಹಳೇ ಟ್ರ್ಯಾಕ್ಟರ್ ಮಾರಿಸುವ ದಲ್ಲಾಳಿಗಳು ಬರುತ್ತಾರೆ. ಪಲ್ಟಿಯಾದ ಗಾಡಿ, ಮುರಿದು ವೆಲ್ಡಿಂಗ್ ಮಾಡಿಸಿದ್ದು. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದುಕೊಟ್ಟರೆ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಮಹಬೂಬಸಾಬರು ಅಂಥ ಗಾಡಿಯನ್ನು ಶೆಡ್ಡಿನ ನೆರಳಿಗೂ ಬಿಟ್ಟುಕೊಳ್ಳುವುದಿಲ್ಲ. ‘ಮಹಬೂಬಸಾಬನ ಬಣ್ಣದ ಕೆಳಗ ಸುಳ್ಳಿಲ್ಲ’ ಎಂದು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಜನ ಹೇಳುತ್ತಾರೆ. ಸ್ಟಿಕ್ಕರಿನವರು ಬಂದು ಅರ್ಧ ಕೆಲಸ ಹೋಯಿತು, ದಲ್ಲಾಳಿಗಳನ್ನು ಓಡಿಸಿ ಉಳಿದರ್ಧವೂ ಹೋಯಿತು. ಅವರಿಗೆ ಉಳಿದದ್ದು ಆ ಹೆಸರೊಂದೇ. ಅದೂ ಹೋದರೆ ಮತ್ತೇನಿದೆ, ಒಂದು ತಗಡಿನ ಶೆಡ್ಡು.

ಹೋದ ವರ್ಷ ಜನವರಿಯಲ್ಲಿ ಸರ್ಫರಾಜ್ ಬಂದ. ಕುಬಿಹಾಳದ ಗೌಸ್‌ನ ಮಗ. ಹುಬ್ಬಳ್ಳಿಯ ಯಾವುದೋ ಆಫೀಸಿನಲ್ಲಿ ಕೆಲಸ, ಮೈತುಂಬಾ ಸೆಂಟು, ನಲವತ್ತೆರಡು ವರ್ಷದ ಗಂಡಸು. ಟವೆಲ್ಲಿನಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿದರೆ ಒಳಗೆ ರಿಮೋಟ್ ಕಾರು. ಗೌಸ್ ಕುವೈತಿನಲ್ಲಿ ಡ್ರೈವರಾಗಿದ್ದಾಗ, ಎಂಬತ್ತೆಂಟರಲ್ಲಿ, ಮಗನಿಗೆ ತಂದುಕೊಟ್ಟದ್ದಂತೆ. ಜಪಾನಿನ ಮಾಲು. ಮೊಳಕ್ಕಿಂತ ತುಸು ಗಿಡ್ಡ, ಹಿಂದೆ ಸಣ್ಣ ಡಬ್ಬಿಯಿರುವ ಪಿಕಪ್ ಗಾಡಿ, ಸ್ಟೇರಿಂಗ್ ಹಿಡಿದ ಒಂದು ಪ್ಲಾಸ್ಟಿಕ್ ಡ್ರೈವರ್.

ನೋಡಿ ನನಗೇ ಹೇಸಿಗೆಯಾಯಿತು. ಮೇಲೆ ಬಣ್ಣ ಉಗುರಿನಷ್ಟು ದಪ್ಪ, ಕೆಂಪು ಸಿಪ್ಪೆ ಎದ್ದಲ್ಲಿ ನೀಲಿ, ನೀಲಿ ಎದ್ದಲ್ಲಿ ಹಸಿರು. ಬಣ್ಣದೊಳಗೆ ಕೂದಲು. ತಿರುವಿ ಹಾಕಿದರೆ ಒಳಗೆ ಜಿರಳೆ ತತ್ತಿ, ಇಲಿ ಹಿಕ್ಕೆ, ಸೆಲ್ ಒಡೆದು ಹಸಿರು ಉಪ್ಪಿನ ಹಾಗೆ ಹೆಪ್ಪುಗಟ್ಟಿದ ಹೊಲಸು. ಡ್ರೈವರಿನ ಮೂತಿಗೂ ಗುಲಾಬಿ ಬಣ್ಣ ಮೆತ್ತಿತ್ತು.

‘ಇದನ್ನ ಯಾವ ಹೇಸಿ ಮನಷ್ಯಾ ಬಳದಾನ?’ ಮಹಬೂಬಸಾಬರು ಕೇಳಿದರು.

‘ಅಮ್ಮಾ ಹಚ್ಚತಿದ್ಲು ಚಾಚಾ. ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಬಣ್ಣಾ ಹಚ್ಚಿ ಉಳದಿದ್ದು.’

‘ಎಷ್ಟ ವರ್ಷ?’

‘ಏಳೆಂಟ ವರ್ಷ ಹಚ್ಚಿರಬೇಕ್ರಿ. ನೀವು ಇದನ್ನ ಹೊಸಾದ್ರಂಗ ಮಾಡಿಕೊಡ್ರಿ. ಹಿಂಗಿರಬೇಕು ನೋಡ್ರಿ.’ ಫೋನಿನಲ್ಲಿ ಚಿತ್ರ ತೋರಿಸಿದ. ಬಿಳೀ ಗಾಡಿ, ಮೈಯುದ್ದಕ್ಕೆ ತೆಳ್ಳಗೆ ಎರಡು ಕೆಂಪು ಪಟ್ಟಿ, ಬಾಗಿಲ ಮೇಲೆ ಏಳು ಎಂಬ ಅಂಕಿ. ಇಂಥ ಹಳೇ ಕಾರು ಕೂಡಿಡುವವರದೊಂದು ವಾಟ್ಸಾಪ್ ಗ್ರೂಪ್ ಇದೆಯಂತೆ. ಫೆಬ್ರವರಿ ಕೊನೆಗೆ ಹುಬ್ಬಳ್ಳಿಯಲ್ಲಿ ಎಲ್ಲರೂ ತಮ್ಮ ತಮ್ಮ ಕಾರು ತಂದು ಮೇಜಿನ ಮೇಲೆ ಇಡುತ್ತಾರಂತೆ. ಮಕ್ಕಳ ಆಟಿಕೆಗೆ ಮೀಸೆ ನೆರೆತವರ ಸಂಘ. ನನಗೆ ನಗು ಬಂತು, ಮಹಬೂಬಸಾಬರಿಗೆ ಬರಲಿಲ್ಲ. ಆ ಕೆಂಪು ಪಟ್ಟಿಗಳ ಕಡೆ ನೋಡುತ್ತಲೇ ಇದ್ದರು. ಅಂಥ ಗೆರೆ ಎಳೆಯುವ ಕೆಲಸ ಅವರ ಕೈಗೆ ಸಿಕ್ಕು ವರ್ಷಗಳೇ ಆಗಿದ್ದವು.

ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಕರಗಿ ಬೆಲ್ಲವಾಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ದೀಪದ ಗಾಜನ್ನು ಹಾಗೆ ಕಳೆದುಕೊಂಡು ಅವರು ಯಾವ ಕಾಲದಲ್ಲೋ ಕಲಿತಿದ್ದರು. ಬ್ರೇಕ್ ಆಯಿಲ್ ಚೆಲ್ಲಿದಲ್ಲಿ ಗಾಡಿಯ ಬಣ್ಣ ಏಳುವುದನ್ನೂ ನೋಡಿದ್ದರು. ಅದನ್ನೇ ಒಂದು ಕಬ್ಬಿಣದ ಬುಟ್ಟಿಗೆ ಸುರಿದು ಬಾಡಿಯನ್ನು ಮುಳುಗಿಸಿದರು. ಎರಡು ದಿನಕ್ಕೆ ಬಣ್ಣ ಸುಕ್ಕುಗಟ್ಟಿ, ಸುಟ್ಟ ಚರ್ಮದ ಹಾಗೆ ಎದ್ದು ನಿಂತಿತು. ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಪದರು ತಿಕ್ಕಿ ತೆಗೆದರು. ಆ ವಾಸನೆಗೆ ನಾನು ಮಧ್ಯಾಹ್ನದ ರೊಟ್ಟಿಯನ್ನು ಮನೆಗೇ ಹೋಗಿ ತಿನ್ನತೊಡಗಿದೆ. ತಗಡಿನಾಚೆಯಿಂದ ದಿನವಿಡೀ ಬೈಗುಳ. ಬೆಳ್ಳಿ ಬಣ್ಣಕ್ಕೆ ಒಂದು, ಹಸಿರಿಗೆ ಒಂದು, ಎತ್ತಿನ ಕೂದಲಿಗೆ ಎರಡು.

ಬುಧವಾರ ಸಂತೆಗೆ ಬಂದ ಸರ್ಫರಾಜನ ತಾಯಿ ಮಲಿಕಾಬಿ ಶೆಡ್ಡಿನ ಮುಂದೆ ನಿಂತಾಗಲೂ ಬೈಗುಳ ನಡೆದೇ ಇತ್ತು. ಆಕೆ ಅಷ್ಟನ್ನೂ ಕೇಳಿಸಿಕೊಂಡು, ‘ನಾನ ಹಚ್ಚಿದ್ದು ಭಾಯಿ’ ಅಂದಳು. ಮಹಬೂಬಸಾಬರು ಬ್ರಶ್ಶು ಕೆಳಗಿಟ್ಟರು.

‘ಏನ್ ಮಾಡೂದು, ಸರ್ಫರಾಜ ಬಿಡತಿದ್ದಿಲ್ಲ. ಎತ್ತಿಗೆ ಹಚ್ಚಿ, ನನ್ನ ಗಾಡಿಗ್ಯಾಕ ಹಚ್ಚವಲ್ಲಿ ಅಂತ ನೆಲದಾಗ ಬಿದ್ದು ಹೊರಳ್ಯಾಡತಿದ್ದ. ಕರಿ ಹರಿಯೂಮುಂದ ಎತ್ತು ಓಡಸತಾರಲ್ಲ, ಅವುಗಳ ಹಿಂದ ಇದನ್ನೂ ಓಡಸತಿದ್ದ. ಅವರಪ್ಪ ಊರಾಗಿಲ್ಲ, ಹಬ್ಬದ ಆ ಮೂರ ದಿನಾ ಹುಡುಗ ನಗತಿತ್ತು. ಕೈಗೆ ಸಿಕ್ಕ ಅರಬಿ ತುಂಡಿಲೆ ಬಣ್ಣಾ ಒರಿಸಿ ಬಿಡತಿದ್ದೆ.’ ಬುಟ್ಟಿಯೊಳಗೆ ತೇಲುತ್ತಿದ್ದ ಕೆಂಪು ನೀಲಿ ಸಿಪ್ಪೆಗಳನ್ನು ಬಗ್ಗಿ ನೋಡಿದಳು. ‘ಎಲ್ಲಾ ಬಂತಲ್ಲ. ಚಲೋ ಆತು’ ಅಂದು ಕಾಯಿಪಲ್ಲೆ ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು. ಸಂಜೆ ಮಹಬೂಬಸಾಬರು ಬುಟ್ಟಿಯಲ್ಲಿದ್ದದ್ದನ್ನು ಹಿಂದಿನ ಗುಂಡಿಗೆ ಚೆಲ್ಲಿ ಬಂದರು.

ಮುಂದಿನ ಮೂರು ವಾರ ಆ ಮನುಷ್ಯ ಮಾಡಿದ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೋಟರು ನನ್ನ ಪಾಲಿಗೆ ಬಂದಿತ್ತು, ತೊಳೆದು ಓಡುವಂತೆ ಮಾಡಿಕೊಟ್ಟೆ. ಡ್ರೈವರಿನ ಸೀಟಿನ ಕೆಳಗೆ ಮಲಿಕಾಬಿಯ ಬಟ್ಟೆಯೂ ಬ್ರೇಕ್ ಆಯಿಲೂ ಮುಟ್ಟದ ಜಾಗದಲ್ಲಿ ಮೂಲ ಬಿಳಿ ಒಂದು ಗುಂಡಿಯಷ್ಟು ಉಳಿದಿತ್ತು. ಅದಕ್ಕೆ ಹೊಂದಿಸಲಿಕ್ಕೆ ಒಂಬತ್ತು ಸಲ ಬಣ್ಣ ಕಲಸಿದರು. ಸೀಳಿದ್ದನ್ನು ಒಳಗಿನಿಂದ ಅಂಟಿಸಿದರು, ಪ್ರೈಮರ್ ಹೊಡೆದರು, ವಾಟರ್ ಪೇಪರ್ ಎಂಬ ಮರಳುಕಾಗದದಿಂದ ತಿಕ್ಕಿದರು, ಮತ್ತೆ ಹೊಡೆದರು, ಮತ್ತೆ ತಿಕ್ಕಿದರು. ಕೊನೆಗೆ ಉಸಿರು ಬಿಗಿಹಿಡಿದು ಅಳಿಲಿನ ಕೂದಲಿನ ಕುಂಚದಲ್ಲಿ ಎರಡು ಕೆಂಪು ಗೆರೆ. ಮುಗಿಸಿ ಎದುರಿಗೆ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಕೆಲಸ ಗೆದ್ದಿತು ಎಂದೇ ಅರ್ಥ.

ಶನಿವಾರ ಸರ್ಫರಾಜ್ ಬಂದ. ಕಾರು ನೋಡಿ ಮುಖ ಅರಳಬೇಕಿತ್ತು, ಬಾಡಿತು. ಫೋನು ತೆಗೆದ, ಫೋಟೋ ಹೊಡೆಯದೆ ಮತ್ತೆ ಕಿಸೆಗಿಟ್ಟ.

‘ಏನಾತು?’

‘ಭಾಳ ಚಂದ ಆಗೇತ್ರಿ ಚಾಚಾ. ಅದ ತ್ರಾಸ ಆಗೇತಿ.’ ತಡವರಿಸುತ್ತ ಹೇಳಿದ. ಹೊಸದಾಗಿ ಬಣ್ಣ ಹಚ್ಚಿದ ಕಾರುಗಳನ್ನು ಹಿಂದಿನ ಸಾಲಿಗೆ ಇಡುತ್ತಾರಂತೆ. ನಡುವಿನ ದೊಡ್ಡ ಮೇಜು, ಮರ್ಯಾದೆ, ಬಹುಮಾನದ ಕಪ್, ಎಲ್ಲ ಕಂಪನಿಯ ಬಣ್ಣ ಇನ್ನೂ ಉಳಿದ ಕಾರಿಗೇ. ಅದು ಅವನಿಗೆ ಈ ವಾರ ಗೊತ್ತಾಗಿದ್ದು. ಗೊತ್ತಾದ ಕೂಡಲೇ ಈ ಮಹಾಶಯ ಗ್ರೂಪಿನಲ್ಲಿ ಹಾಕಿಬಿಟ್ಟಿದ್ದಾನೆ: ನನ್ನದು ಕುವೈತಿನಿಂದ ಬಂದಾಗಿನ ಬಣ್ಣ, ಒಂದು ಸಲವೂ ಕುಂಚ ತಾಗಿಲ್ಲ.

‘ಅದಕ್ಕ ಒಂದೀಟು ಹಳೇದ್ರಂಗ ಮಾಡಿಕೊಡ್ರಿ ಚಾಚಾ. ಅಲ್ಲಲ್ಲಿ ಗೀರು, ಒಂದ್ ಸ್ವಲ್ಪ ಮಾಸಿದಂಗ.’

ನನಗೆ ಮೈಯೆಲ್ಲ ಉರಿಯಿತು. ಎಳೆದು ಎರಡು ಬಿಡಬೇಕು ಅನ್ನಿಸಿತು. ತಾಯಿ ಹಚ್ಚಿದ್ದನ್ನು ಗುಂಡಿಗೆ ಚೆಲ್ಲಿಸಿ, ಈಗ ಇಲ್ಲದ ಹಳೇತನವನ್ನು ಬಾಡಿಗೆಗೆ ಕೇಳುತ್ತಿದ್ದಾನೆ. ಮಹಬೂಬಸಾಬರು ಮಾತ್ರ ತಣ್ಣಗಿದ್ದರು.

‘ಹಳೇದು ಇತ್ತಲ್ಲಪಾ. ನಿಮ್ಮವ್ವ ಹಚ್ಚಿದ್ದು. ಅದನ್ನ ತಗೀ ಅಂದಾಂವ ನೀನ.’

‘ಅದು ಕೋಡಿನ ಬಣ್ಣ ಚಾಚಾ. ಅದನ್ನ ಅಲ್ಲಿ ಇಡಾಕ ಬರತೇತೇನ್ರಿ? ನಗತಾರ.’

‘ನಾ ಸುಳ್ಳ ಕೆಲಸ ಮಾಡೂದಿಲ್ಲ. ಹಿಂಗ ಒಯ್ಯೂದಿದ್ರ ಒಯ್ಯಿ. ಗೀರು ಬೇಕಂದ್ರ ಅಲ್ಲಿ ಮೊಳಿ ಬಿದ್ದಾವು, ನೀನ ಹಾಕ್ಕೊ.’

ಅಷ್ಟು ಹೇಳಿದವರು ಸುಮ್ಮನೆ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಹೋಗಲಿಲ್ಲ, ಬೆನ್ನು ತಿರುಗಿಸಿ ಕುಂಚ ತೊಳೆಯುತ್ತ ನಿಂತರು. ಸರ್ಫರಾಜ್ ಸ್ವಲ್ಪ ಹೊತ್ತು ನನ್ನ ಮುಖ, ಸ್ವಲ್ಪ ಹೊತ್ತು ಕಾರು ನೋಡಿದ. ನಾಚಿಕೆಯಾಗಿ ಎದ್ದು ಹೋಗುತ್ತಾನೆ ಅಂದುಕೊಂಡೆ. ನಾಚಿಕೆ ಇದ್ದರಲ್ಲವೇ? ಬಗ್ಗಿ ಒಂದು ಮೊಳೆ ಎತ್ತಿಕೊಂಡ. ಬಾನೆಟ್ಟಿನ ನಟ್ಟನಡುವೆ, ಸ್ಕೇಲ್ ಇಟ್ಟು ಎಳೆದ ಹಾಗೆ, ನೆಟ್ಟಗೆ ಮೂರು ಗೀರು ಎಳೆದ.

ಆ ಕಿರ್ರೆನ್ನುವ ಸದ್ದಿಗೆ ಮಹಬೂಬಸಾಬರು ತಿರುಗಿದರು. ಗೀರು ನೋಡಿದರು. ಮುಖ ಹಿಂಡಿದ ಹಾಗಾಯಿತು.

‘ಥೂ. ಗೀರೂ ಹಾಕಾಕ ಬರೂದಿಲ್ಲೇನಲೇ ನಿನಗ? ಗಾಡಿ ಉರಳಿದ್ರ ಮೊದ್ಲ ನೆಲಕ್ಕ ಹತ್ತೂದು ಮ್ಯಾಲಿನ ಮಾಡಿನ ಮೂಲಿ. ಬಾನೆಟ್ ನಡಬರಕ ಯಾಂವ ಬಂದು ಗೀರಿ ಹೋದ? ಕೊಡಿಲ್ಲೆ.’

ಕಸಿದುಕೊಂಡು ಕುಳಿತರು. ‘ಕಾಕಾ, ಬ್ಯಾಡ’ ಅಂದೆ. ಕೇಳಿಸಿತೋ ಇಲ್ಲವೋ.

ಮೊದಲು ಆ ಮೂರು ಗೀರನ್ನು ಅಳಿಸಿದರು, ತಡೆದುಕೊಳ್ಳಲಾಗಲಿಲ್ಲ ಅವರಿಗೆ. ಆಮೇಲೆ ಶುರುವಾಯಿತು. ಯಾವ ಬಣ್ಣ ಎಲ್ಲಿ ಮೊದಲು ಸಾಯುತ್ತದೆ ಎಂಬುದನ್ನು ನಲವತ್ತು ವರ್ಷ ಬೈಯುತ್ತ ಬೈಯುತ್ತ ಆ ಮನುಷ್ಯ ತಿಳಿದುಕೊಂಡಿದ್ದರು. ಕಾರಿನ ಚಾವಣಿಯ ಎಡಮೂಲೆಯಲ್ಲಿ ಬಣ್ಣ ಸವೆಸಿ ಪ್ಲಾಸ್ಟಿಕ್ ಕಾಣುವಂತೆ ಮಾಡಿದರು. ಮಗು ಎತ್ತುವಾಗ ಬೆರಳು ಹಿಡಿಯುವ ಜಾಗ ಎರಡನ್ನು ವಾಟರ್ ಪೇಪರಿನಿಂದ ಮಂಕು ಮಾಡಿದರು. ಮುಂದಿನ ಬಂಪರಿಗೆ ಹರಳುಗಲ್ಲು ಸಿಡಿದಂಥ ಸಣ್ಣ ಸಣ್ಣ ಚುಕ್ಕಿ. ಚಹಾದ ಡಿಕಾಕ್ಷನ್ನಿಗೆ ಹಳದಿ ಕಲಸಿ ಬಿಳಿಗೆ ಒರೆಸಿದರು, ಬಿಸಿಲು ಬೀಳುವ ಕಡೆ ಹೆಚ್ಚು, ಬಾಗಿಲ ಸಂದಿಗೆ ಕಡಿಮೆ. ಎರೆಮಣ್ಣನ್ನು ಎಣ್ಣೆಯಲ್ಲಿ ಅರೆದು ಚಕ್ರದ ಮೇಲಿನ ಮೂಲೆಗೆ ತುಂಬಿ, ಒಣಗಿಸಿ, ಮತ್ತೆ ಅರ್ಧ ತೆಗೆದರು. ತಾವೇ ಎಳೆದ ಕೆಂಪು ಗೆರೆಯನ್ನು ಮೂರು ಕಡೆ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಮಾಸಿಸಿದರು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ನೋಡಲಿಕ್ಕೆ ನನಗೆ ಅಸಹ್ಯವಾಗುತ್ತಿತ್ತು, ಕಣ್ಣು ಕೀಳಲಿಕ್ಕೂ ಆಗುತ್ತಿರಲಿಲ್ಲ. ಇಷ್ಟು ಬಂದೋಬಸ್ತಾದ ಕೆಲಸವನ್ನು ಆ ಕೈಯಿಂದ ನಾನು ನೋಡಿರಲಿಲ್ಲ.

ಮುಗಿದ ಮೇಲೆ ಕಾರನ್ನು ನನ್ನ ಕೈಗೆ ಕೊಟ್ಟರು. ‘ಎಲ್ಲಿ ಸುಳ್ಳೈತಿ, ತೋರಸು.’

ಬೆಳಕಿಗೆ ಹಿಡಿದೆ, ತಿರುವಿದೆ, ಉಗುರಿನಿಂದ ಕೆದಕಿದೆ. ಮೂವತ್ತೆಂಟು ವರ್ಷ ಯಾವುದೋ ಮನೆಯ ಗೋಡೆಯ ಮಾಡದಲ್ಲಿ ಕುಳಿತ ಕಾರೇ ಅದು. ‘ಸಿಗವಲ್ದು ಕಾಕಾ’ ಅಂದೆ.

‘ನನಗೂ ಸಿಗವಲ್ದು’ ಅಂದರು.

ಸರ್ಫರಾಜ್‌ಗೆ ಹಿಗ್ಗೋ ಹಿಗ್ಗು. ಟವೆಲ್ಲಿನಲ್ಲಿ ಸುತ್ತಿಕೊಳ್ಳುತ್ತ, ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ, ‘ಚಾಚಾ, ನೀವೇನ ಚಿಂತಿ ಮಾಡಬ್ಯಾಡ್ರಿ. ಯಾರ ಮುಂದೂ ನಿಮ್ಮ ಹೆಸರ ಹೇಳೂದಿಲ್ಲ.’

‘ಹೇಳಬ್ಯಾಡಪಾ’ ಎಂದರು ಮಹಬೂಬಸಾಬರು. ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತಿದ್ದರು. ‘ಖರೇನ ಹೇಳಬ್ಯಾಡ.’ ಆಮೇಲೆ ನನ್ನ ಕಡೆ ತಿರುಗಿದರು. ‘ನೀನೂ ಹೇಳಬ್ಯಾಡ, ಶಿದ್ಲಿಂಗಾ.’

‘ಇಲ್ಲ ಕಾಕಾ, ಹೇಳೂದಿಲ್ಲ’ ಅಂದೆ.