ಒಳಗೆ ಯಾರಾದ್ರೂ ಇದ್ದೀರಾ?

ಅವನನ್ನು ಎಲ್ಲರೂ ಭಾವ ಅನ್ನುತ್ತಿದ್ದರು. ನಿಜಕ್ಕೂ ಅವನು ಭಾವನಾಗಿದ್ದು ಒಬ್ಬನಿಗೇ, ಹೆಂಡತಿಯ ತಮ್ಮನಿಗೆ. ಆ ತಮ್ಮ ಒಂದು ರಾಕ್ ಬ್ಯಾಂಡ್ ಕಟ್ಟಿದ. ಡ್ರಮ್ ಬಾರಿಸುವವನು ಕೈಕೊಟ್ಟಾಗ ಭಾವನನ್ನು ಎಳೆದುಕೊಂಡು ಹೋಗಿ ಕೂರಿಸಿದ. ಅಲ್ಲಿಂದ ಬ್ಯಾಂಡಿನವರಿಗೆಲ್ಲ ಭಾವನಾದ, ಬ್ಯಾಂಡಿನವರಿಂದ ಬೀದಿಗೂ ಭಾವನಾದ. ಹಾಲು ಹಾಕುವವನು ಕೂಡ ಭಾವ ಎಂದು ಕರೆಯತೊಡಗಿದಾಗ ಹೆಂಡತಿ ನಕ್ಕು, "ಅಂದ್ರೆ ಊರಿನವರೆಲ್ಲ ನನ್ನ ತಮ್ಮಂದಿರು ಅಂತಾಯ್ತು. ಒಬ್ಬನನ್ನ ಸಾಕಿದ್ದಕ್ಕೇ ನನ್ನ ಸೊಂಟ ಬಿದ್ದಿದೆ" ಅಂದಳು.

ಅವಳು ಹೇಳಿದ್ದು ಸುಳ್ಳಲ್ಲ. ತಾಯಿ ಹೋದಾಗ ತಮ್ಮ ಇನ್ನೂ ತೊದಲು ಮಾತಾಡುತ್ತಿದ್ದ. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳು ದೊಡ್ಡವಳಾದಳು. ಮದುವೆಯಾದ ಮೇಲೆ ಗಂಡನಿಗೆ ಹೇಳಿದ ಮೊದಲ ಮಾತೇ, "ನನ್ನನ್ನ ನೋಡ್ಕೊಳ್ಳದಿದ್ರೂ ಪರವಾಗಿಲ್ಲ, ಅವನನ್ನ ನೋಡ್ಕೊಳ್ಳಿ" ಅಂತ.

ಹಾಗೆ ನೋಡಿಕೊಳ್ಳುವುದಕ್ಕೆ ಭಾವನಷ್ಟು ತಕ್ಕ ಮನುಷ್ಯ ಇನ್ನೊಬ್ಬನಿರಲಿಲ್ಲ. ಏಕೆಂದರೆ ಅವನು ಹುಟ್ಟಾ ಹೆದರುಪುಕ್ಕಲ. ಹಗ್ಗ ಕಂಡರೆ ಹಾವು ಅನ್ನುವ ಜಾತಿ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಹೋದವನು ವಾಪಸ್ಸು ಬಂದು ಬೀಗ ಎಳೆದು ನೋಡುತ್ತಿದ್ದ. ಡ್ರಮ್ ಅವನಿಗೆ ಹಿಡಿಸಿದ್ದಕ್ಕೂ ಅದೇ ಕಾರಣ. ಡ್ರಮ್ಮಿನವನು ಎಲ್ಲರ ಹಿಂದೆ ಕೂರುತ್ತಾನೆ. ಮುಂದೆ ಅಷ್ಟು ದೊಡ್ಡ ಸಾಮಾನು ಇರುವುದರಿಂದ ಜನ ಅವನನ್ನು ಸರಿಯಾಗಿ ನೋಡುವುದಿಲ್ಲ. ತಾಳ ಮಾತ್ರ ಅವನಿಗೆ ಕಲಿಸದೆ ಬಂದಿತ್ತು. ಅವನು ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ಮಿಷನ್ನು ದಿನವಿಡೀ ಒಂದೇ ಸಮನೆ ದಡಬಡ ಅನ್ನುತ್ತಿತ್ತು. ವರ್ಷಗಟ್ಟಲೆ ಅದರ ಪಕ್ಕ ಕೂತವನಿಗೆ ತಾಳ ತಪ್ಪುವುದೆಲ್ಲಿಂದ ಬಂತು?

ಆ ಕೋಲ್ಡ್ ಸ್ಟೋರೇಜಿನಲ್ಲಿ ಭಾವನದ್ದು ಒಂದು ವಾಡಿಕೆ ಇತ್ತು. ಮೀನು, ಮಾಂಸ, ಬಟಾಣಿ ಇಡುವ ದೊಡ್ಡ ದೊಡ್ಡ ರೂಮುಗಳು ಅಲ್ಲಿದ್ದವು. ಗೇಣು ದಪ್ಪದ ಬಾಗಿಲು. ಬಾಗಿಲು ಹಾಕಿದ ಮೇಲೆ ಹೊರಗಿನ ಕೊಂಡಿಗೆ ಒಂದು ಕಬ್ಬಿಣದ ಪಿನ್ನು ಇಳಿಸಬೇಕು. ಪಿನ್ನು ಇಲ್ಲದಿದ್ದರೆ ಒಳಗಿನಿಂದ ಹಿಡಿ ಒತ್ತಿ ಬಾಗಿಲು ತೆಗೆಯಬಹುದು. ಪಿನ್ನು ಇಳಿಸಿದರೆ ಆನೆ ತಳ್ಳಿದರೂ ಅದು ಅಲ್ಲಾಡುವುದಿಲ್ಲ. ಆದ್ದರಿಂದ ಬಾಗಿಲು ಹಾಕುವ ಮುಂಚೆ ಭಾವ ಒಳಗೆ ತಲೆ ಹಾಕಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಜೋರಾಗಿ ಕೂಗುತ್ತಿದ್ದ. ಕೂಗುವುದು, ಬಾಗಿಲು ಹಾಕುವುದು, ಪಿನ್ನು ಇಳಿಸುವುದು. ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟ ಪಾಠ ಅದು. "ಒಳಗಿರೋನ ಕೂಗು ಹೊರಗೆ ಕೇಳಲ್ಲ ಕಣಪ್ಪ. ಅದಕ್ಕೆ ಹೊರಗಿರೋನೇ ಕೂಗ್ಬೇಕು" ಅಂದಿದ್ದನಂತೆ.

ಲೋಡಿಂಗಿನ ಆಳುಗಳಿಗೆ ಇದೊಂದು ತಮಾಷೆ. "ಬಟಾಣಿ ಇದೆ ಭಾವ, ನಿಮ್ಮನ್ನೇ ಕೇಳ್ತಿದೆ" ಅನ್ನುತ್ತಿದ್ದರು. ಭಾವ ನಗುತ್ತಿದ್ದ. ಮರುದಿನ ಮತ್ತೆ ಕೂಗುತ್ತಿದ್ದ.

ಹೀಗಿರುವಾಗ ಭಾಮೈದನ ತಲೆಗೆ ಒಂದು ಆಲ್ಬಂ ಹೊಕ್ಕಿತು. ಬಿಡಿ ಬಿಡಿ ಹಾಡುಗಳಲ್ಲ. ಎಲ್ಲ ಹಾಡೂ ಸೇರಿ ಒಂದೇ ಕಥೆ. ಒಬ್ಬ ಮನುಷ್ಯ ತನ್ನ ಮನೆಯೊಳಗೆ ಹೋಗುತ್ತಾನೆ, ಒಳಗೆ ದಾರಿ ತಪ್ಪುತ್ತಾನೆ. ಒಂದೊಂದು ಹಾಡೂ ಒಂದೊಂದು ಕೋಣೆ. ಕೊನೆಯ ಹಾಡಿನಲ್ಲಿ ಕೊನೆಯ ಕೋಣೆಯ ಬಾಗಿಲು ತೆಗೆದು ಅವನು ಹೊರಗೆ ಬರುತ್ತಾನೆ. ಬೇಸ್ ಗಿಟಾರ್ ನುಡಿಸುತ್ತಿದ್ದ ಮೇಷ್ಟ್ರು ಇದನ್ನು ಕೇಳಿ ಕುಣಿದಾಡಿಬಿಟ್ಟರು. ಅವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ರೆಕಾರ್ಡಿಂಗ್ ಮಿಷನ್ನೂ ಅವರದೇ. "ಹಾಗಾದ್ರೆ ಸ್ಟುಡಿಯೋ ಬೇಡ. ನಿಜವಾದ ಕೋಣೆಗಳಲ್ಲೇ ಹಾಡೋಣ. ಒಂದೊಂದು ಹಾಡೂ ಒಂದೇ ಉಸಿರಿಗೆ. ತಪ್ಪಾದ್ರೂ ಇರ್ಲಿ. ಟೇಪು ಓಡ್ತಿರುವಾಗ ಯಾರೂ ನಿಲ್ಲಿಸೋ ಹಾಗಿಲ್ಲ" ಎಂದು ಕಾನೂನು ಮಾಡಿದರು.

ಕಾನೂನು ಮುರಿದವನು ಭಾವನೇ. ಖಾಲಿ ನೀರಿನ ಟ್ಯಾಂಕಿನೊಳಗೆ ಭಾಮೈದ ಇಳಿದು ಹಾಡುತ್ತಿದ್ದಾಗ ಏಣಿ ಜಾರಿತು ಅನ್ನಿಸಿ ಭಾವ ಡ್ರಮ್ ಬಿಟ್ಟು ಓಡಿದ. ಏಣಿ ಗಟ್ಟಿಯಾಗಿಯೇ ಇತ್ತು. ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಹಾಡುವಾಗ ಗೋಡೆಯಿಂದ ಮಣ್ಣು ಉದುರಿತೆಂದು ಮತ್ತೆ ನಿಲ್ಲಿಸಿದ. ಅದು ಮಣ್ಣಲ್ಲ, ಮೇಲೆ ಯಾರೋ ಕಸ ಗುಡಿಸುತ್ತಿದ್ದರು. ಗಿಟಾರ್ ನುಡಿಸುವ ಕಟಿಂಗ್ ಶಾಪಿನವನು ತಲೆ ಚಚ್ಚಿಕೊಂಡ. "ಭಾವ, ನಿಮ್ಮನ್ನ ಕುರ್ಚಿಗೆ ಕಟ್ಟಿಹಾಕಿಯೇ ಡ್ರಮ್ ಬಾರಿಸೋ ಹಾಗೆ ಮಾಡ್ಬೇಕು. ನನ್ನ ಶಾಪಿನಲ್ಲಿ ಅಳೋ ಮಕ್ಕಳಿಗೂ ಅಷ್ಟೇ ಮಾಡೋದು."

ಕೊನೆಯ ಹಾಡಿಗೆ ಭಾಮೈದ ಆರಿಸಿಕೊಂಡ ಕೋಣೆ ಯಾವುದು ಗೊತ್ತೇ? ಭಾವನ ಕೋಲ್ಡ್ ಸ್ಟೋರೇಜಿನದು.

ಭಾವ ಎದ್ದು ನಿಂತ. "ಬೇಡ ಕಣೋ. ಅದು ಆಟ ಆಡೋ ಜಾಗ ಅಲ್ಲ."

"ಚಳಿಯಲ್ಲಿ ಗಂಟಲು ನಿಜವಾಗ್ಲೂ ನಡುಗ್ಬೇಕು ಭಾವ. ನಟನೆ ಬೇಡ ನನಗೆ. ಆಮೇಲೆ ಇನ್ನೊಂದು. ಹಾಡು ಶುರುವಾಗೋದೇ ನಿಮ್ಮಿಂದ. ನೀವು ದಿನಾ ಕೂಗ್ತೀರಲ್ಲ, ಹಾಗೇ ಕೂಗ್ಬೇಕು. ನಾನು ಒಳಗಿಂದ 'ಯಾರೂ ಇಲ್ಲ' ಅಂತೀನಿ. ನೀವು ಬಾಗಿಲು ಹಾಕ್ತೀರಿ. ಅಲ್ಲಿಂದ ಹಾಡು."

"ಬೇಡ."

"ಭಾವ, ಇಷ್ಟು ವರ್ಷ ನಿಮ್ಮ ಕೂಗನ್ನ ಎಲ್ಲರೂ ಆಡ್ಕೊಂಡ್ರು. ನಾನು ಅದನ್ನ ಹಾಡು ಮಾಡ್ತಿದ್ದೀನಿ."

ಅದಕ್ಕೆ ಭಾವ ಕರಗಿದ. ಕರಗಿದ ಮೇಲೆ ಭಾಮೈದ ಆಣೆ ಹಾಕಿಸಿಕೊಂಡ. "ಈ ಹಾಡು ಮಾತ್ರ ನಿಲ್ಲಿಸಲ್ಲ ಅಂತ ಅಕ್ಕನ ಮೇಲೆ ಆಣೆ ಮಾಡಿ."

ಭಾವ ಆಣೆ ಮಾಡಿದ.

ರಜಾ ದಿನದ ಮಧ್ಯಾಹ್ನ. ಮೇಲಿನವರ ಒಪ್ಪಿಗೆ ಕೇಳಿ, ಒಂದು ಖಾಲಿ ರೂಮನ್ನು ಭಾವ ಅಣಿ ಮಾಡಿದ. ಸದ್ದು ಬೇಡವೆಂದು ಆ ರೂಮಿನ ಫ್ಯಾನು ನಿಲ್ಲಿಸಿದ್ದ. ಆದರೆ ಚಳಿ ಎಲ್ಲಿಗೆ ಹೋಗುತ್ತದೆ? ಗೋಡೆಗಳೆಲ್ಲ ಬೆಳ್ಳಗೆ ಮಂಜುಗಟ್ಟಿದ್ದವು. ಭಾಮೈದನಿಗೆ ತನ್ನ ದಪ್ಪನೆಯ ಕೋಟು ತೊಡಿಸಿದ. ಕಿವಿ ಮುಚ್ಚುವ ಟೋಪಿ ತೊಡಿಸಲು ಹೋದ. ಹೊರಗಿನ ವಾದ್ಯ ಕೇಳಿಸುವ ಹೆಡ್‌ಫೋನ್ ಕೂರುವುದಿಲ್ಲವೆಂದು ಭಾಮೈದ ಬೇಡವೆಂದ. ಭಾವ ಒಳಗಿನ ಹಿಡಿಯನ್ನು ಒತ್ತಿ ಒತ್ತಿ ನೋಡಿದ. ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಕೊನೆಗೆ ಕೊಂಡಿಯ ಪಿನ್ನನ್ನೇ ಸರಪಳಿಯಿಂದ ಬಿಚ್ಚಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಪಿನ್ನೇ ಇಲ್ಲದ ಮೇಲೆ ಬಾಗಿಲು ಹೇಗೆ ಬಿಗಿದೀತು?

ಮೈಕನ್ನು ರೂಮಿನ ಹಿಂದಿನ ಗೋಡೆಯ ಹತ್ತಿರ ತೂಗುಹಾಕಿದ್ದರು, ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಲಿ ಎಂದು. ಮೇಷ್ಟ್ರು ಹೆಡ್‌ಫೋನಿನಲ್ಲಿ ಕೇಳಿ ಮುಖ ಕಿವುಚಿದರು. "ಆ ಕೋಟು ಸರಸರ ಅಂತಿದೆ. ಬಿಚ್ಚಿಡಪ್ಪ."

"ಕೋಟು ಇರ್ಲಿ ಮೇಷ್ಟ್ರೇ" ಅಂದ ಭಾವ.

"ಭಾವ, ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಶುರು ಮಾಡಿದ್ರಾ?" ಎಂದು ಗಿಟಾರಿನವನು ನಕ್ಕ. ಭಾಮೈದ ಕೋಟು ಬಿಚ್ಚಿ ಭಾವನ ಕೈಗೆ ಕೊಟ್ಟ. ತೆಳ್ಳನೆಯ ಅಂಗಿಯಲ್ಲಿ ಒಳಗೆ ಹೋದ. ದೀಪವೂ ಬೇಡವೆಂದ.

ಟೇಪು ಓಡತೊಡಗಿತು. ಭಾವ ಕತ್ತಲೆಯೊಳಕ್ಕೆ ತಲೆ ಹಾಕಿ ಕೂಗಿದ. "ಒಳಗೆ ಯಾರಾದ್ರೂ ಇದ್ದೀರಾ?"

ಒಳಗಿನಿಂದ ಭಾಮೈದನ ದನಿ ಬಂತು. "ಯಾರೂ ಇಲ್ಲ."

ಭಾವ ಬಾಗಿಲು ಹಾಕಿದ. ನೇತುಬಿಟ್ಟ ಪ್ಲಾಸ್ಟಿಕ್ ಪರದೆ ಸರಿಸಿಕೊಂಡು ಲೋಡಿಂಗ್ ಹಾಲಿಗೆ ಬಂದು ಡ್ರಮ್ಮಿನ ಹಿಂದೆ ಕೂತ. ಹೆಡ್‌ಫೋನ್ ಹಾಕಿಕೊಂಡು ಬಾರಿಸತೊಡಗಿದ.

ಎಂಥಾ ಹಾಡು ಅದು! ದನಿ ನಿಜಕ್ಕೂ ಬಾವಿಯೊಳಗಿನದಾಗಿತ್ತು. ಮಾತುಗಳು ಒಂದರ ಮೇಲೊಂದು ಬಿದ್ದು ಬರೀ ಮೊಳಗು ಕೇಳುತ್ತಿತ್ತು. ಮನಸ್ಸಿಗೆ ಬಂದಾಗ ಬಾಗಿಲು ತೆಗೆದು ಹೊರಗೆ ಬರುತ್ತೇನೆ, ಅಲ್ಲಿಯವರೆಗೆ ನುಡಿಸುತ್ತಲೇ ಇರಿ ಎಂದು ಭಾಮೈದ ಮೊದಲೇ ಹೇಳಿದ್ದ. ಅವರು ನುಡಿಸುತ್ತಲೇ ಇದ್ದರು. ಅವನು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಡ್‌ಫೋನಿನಲ್ಲಿ ಹೊಸದೊಂದು ಸದ್ದು ಬಂತು. ಧಬ್. ಧಬ್. ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಅದು ಸರಿಯಾಗಿ ಭಾವನ ತಾಳದ ಮೇಲೇ ಬೀಳುತ್ತಿತ್ತು. ಗಿಟಾರಿನವನು ಕಣ್ಣರಳಿಸಿ ಹೆಬ್ಬೆರಳು ತೋರಿಸಿದ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಎಂಥಾ ಕಲ್ಪನೆ! ಬಾಗಿಲನ್ನೇ ಡ್ರಮ್ ಮಾಡಿಕೊಂಡಿದ್ದಾನೆ! ಗಿಟಾರು ಆ ಬಡಿತಕ್ಕೆ ಜೊತೆಗೂಡಿತು, ಬೇಸೂ ಜೊತೆಗೂಡಿತು. ಸಂಗೀತ ಗೊತ್ತಿಲ್ಲದ ಯಾವನೇ ಆಗಿದ್ದರೂ ಆಗಲೇ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದ. ಇವರು ತಾಳ ಕೂಡಿತೆಂದು ಹಿಗ್ಗಿ ನುಡಿಸಿದರು.

ಭಾವನಿಗೆ ಹಿಗ್ಗು ಬರಲಿಲ್ಲ. ಓಡಿಹೋಗಿ ಬಾಗಿಲು ತೆಗೆಯಬೇಕು ಅನ್ನಿಸಿತು. ಆದರೆ ಅಂಥದ್ದು ಅವನಿಗೆ ದಿನಾ ಅನ್ನಿಸುವುದೇ. ಟ್ಯಾಂಕಿನಲ್ಲಿ ಅನ್ನಿಸಿತ್ತು, ಮೆಟ್ಟಿಲ ಕೆಳಗೂ ಅನ್ನಿಸಿತ್ತು. ಎರಡು ಸಲವೂ ಏನೂ ಇರಲಿಲ್ಲ. ಬಾಗಿಲು ತೆರೆಯುತ್ತದೆ, ನಾನೇ ಒತ್ತಿ ನೋಡಿದ್ದೇನೆ, ಪಿನ್ನು ಜೇಬಿನಲ್ಲಿದೆ ಎಂದು ತನಗೆ ತಾನೇ ಹೇಳಿಕೊಂಡ. ಆಣೆ ಬೇರೆ ಇತ್ತು. ಬಾರಿಸಿದ.

ಧಬ್. ಧಬ್. ಬಹಳ ಹೊತ್ತಿನ ಮೇಲೆ ಬಡಿತ ಸಣ್ಣದಾಯಿತು. ಒಂದು ಬಡಿತ ತಾಳಕ್ಕಿಂತ ಹಿಂದೆ ಬಿತ್ತು. ಭಾಮೈದ ಹುಟ್ಟಿದಾಗಿನಿಂದ ತಾಳ ತಪ್ಪಿದವನಲ್ಲ. ಇನ್ನೊಂದು ಇನ್ನೂ ಹಿಂದೆ ಬಿತ್ತು.

ಭಾವ ಎಡಗೈ ಬಿಡುವು ಮಾಡಿಕೊಂಡು ಧೈರ್ಯಕ್ಕೆಂದು ಜೇಬು ಮುಟ್ಟಿ ನೋಡಿದ.

ಜೇಬು ಖಾಲಿ.

ಪಿನ್ನು ಎಲ್ಲಿದೆಯೆಂದು ಯೋಚಿಸಬೇಕಾಗಿಯೇ ಇರಲಿಲ್ಲ, ಕೈಗೇ ಗೊತ್ತಿತ್ತು. ಕೂಗಿದ್ದಾಯಿತು. ಯಾರೂ ಇಲ್ಲ ಎಂಬ ಉತ್ತರ ಬಂತು. ಬಾಗಿಲು ಹಾಕಿದ್ದಾಯಿತು. ಆಮೇಲೆ ಕೈ ತನ್ನ ಪಾಡಿಗೆ ತಾನು ಜೇಬಿಗೆ ಹೋಗಿ ಪಿನ್ನು ತೆಗೆದು ಕೊಂಡಿಗೆ ಇಳಿಸಿತ್ತು. ವರ್ಷಗಳಿಂದ ಇಳಿಸುತ್ತಿದ್ದ ಹಾಗೆ.

ಭಾವ ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಮತ್ತೆ ಶುರುವಾಯ್ತಪ್ಪ ಇವರದ್ದು!" ಎಂದು ಗಿಟಾರಿನವನು ಅರಚಿದ್ದು ಅವನಿಗೆ ಕೇಳಲಿಲ್ಲ. ಪರದೆ ಸೀಳಿಕೊಂಡು ಓಡಿದ. ಪಿನ್ನು ಕೊಂಡಿಯಲ್ಲಿತ್ತು. ಅವನ ಆತುರಕ್ಕೆ ಅದು ಬರಲೊಲ್ಲದು. ಹಲ್ಲು ಕಚ್ಚಿ ಕಿತ್ತ. ಬಾಗಿಲು ಎಳೆದಾಗ ಬಿಳಿ ಹೊಗೆ ಹೊರಗೆ ನುಗ್ಗಿತು. ಬಾಗಿಲಿಗೆ ಒರಗಿದ್ದ ಭಾಮೈದ ಮೂಟೆಯ ಹಾಗೆ ಅವನ ಕಾಲ ಮೇಲೆ ಬಿದ್ದ. ತುಟಿ ನೀಲಿಗಟ್ಟಿತ್ತು. ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂದಿತ್ತು. ಕಣ್ಣು ತೆರೆದೇ ಇತ್ತು, ಆದರೆ ನೋಡುತ್ತಿರಲಿಲ್ಲ.

"ಲೋ! ಲೋ! ನನ್ನ ನೋಡೋ!"

ಕೋಟು ಹೊದಿಸಿದರು, ತಬ್ಬಿಕೊಂಡು ಉಜ್ಜಿದರು. ಮೇಷ್ಟ್ರು ಓಡಿ ಗಾಡಿ ತಂದರು. ಗಿಟಾರಿನವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಆಸ್ಪತ್ರೆಯಲ್ಲಿ ಬಿಸಿಯಾದ ಮೇಲೆ ಭಾಮೈದನ ಹಲ್ಲು ಕಟಕಟ ಅನ್ನತೊಡಗಿತು. ನಡುಗುವುದು ಒಳ್ಳೇದು ಎಂದರು ಡಾಕ್ಟರು. ಉಳಿಯುತ್ತಾನೆ ಎಂದರು.

ಭಾವ ಅವನ ಮಂಚದ ಹತ್ತಿರ ಬಗ್ಗಿ, "ಪಿನ್ನು ನಾನೇ ಹಾಕಿದ್ದು ಕಣೋ" ಅಂದ.

ಭಾಮೈದ ಬಟ್ಟೆ ಕಟ್ಟಿದ ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಅಂದ, "ಕತ್ತಲಲ್ಲಿ ಕಿವಿಗೆ ನಿಮ್ಮ ಡ್ರಮ್ ಒಂದೇ ಕೇಳ್ತಿತ್ತು ಭಾವ. ಅದನ್ನೇ ಹಿಡ್ಕೊಂಡು ಬಡೀತಿದ್ದೆ. ಬೇರೆ ಏನೂ ತೋಚಲಿಲ್ಲ. ಅದು ಇದ್ದಕ್ಕಿದ್ದಂತೆ ನಿಂತಾಗ, ನನ್ನ ಕಥೆ ಮುಗೀತು ಅಂದ್ಕೊಂಡೆ."

ಅಕ್ಕನಿಗೆ ಜಾರಿ ಬಿದ್ದನೆಂದು ಹೇಳಿದರು. ಕೈಗೆ ಕಟ್ಟಿದ ಬಟ್ಟೆ ನೋಡಿ ಅವಳು ನಂಬಿದಳು. ಆದರೆ ಮನೆಯಲ್ಲಿ ಎಷ್ಟು ದಿನ ಮುಚ್ಚಿಡಲಾದೀತು? ಭಾಮೈದ ಯಾವ ಬಾಗಿಲನ್ನೂ ಹಾಕಗೊಡುತ್ತಿರಲಿಲ್ಲ. ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲು ತೆರೆದೇ ಇರಬೇಕು. ಭಾವ ಹೊರಗೆ ಬಚ್ಚಲಿಗೆ ಬೆನ್ನು ಹಾಕಿ, ಬಕೆಟ್ಟನ್ನು ಮುಂದೆ ಬೋರಲು ಹಾಕಿಕೊಂಡು ಕೂತು, ಅದರ ಮೇಲೆ ಬೆರಳಿನಿಂದ ತಾಳ ಬಡಿಯುತ್ತಿರಬೇಕು.

ಅಕ್ಕ ಒಂದು ದಿನ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ಏನ್ರೀ ಇದು? ಅವನು ಸ್ನಾನ ಮಾಡೋಕೆ ನೀವು ವಾದ್ಯ ಬಾರಿಸ್ಬೇಕಾ? ಮಹಾರಾಜ ಆಗಿಬಿಟ್ನಾ ನನ್ನ ತಮ್ಮ?"

ಭಾವ ಬೆರಳು ನಿಲ್ಲಿಸದೆಯೇ ಎಲ್ಲವನ್ನೂ ಹೇಳಿದ. ಕೂಗಿದ್ದು, ಪಿನ್ನು, ಜೇಬು. ಅವಳ ನಗು ಇಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು. ಬೈಯುತ್ತಾಳೆಂದು ಭಾವ ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಅವಳನ್ನು ನೋಡುತ್ತಾ ಅವನ ಬೆರಳು ತಾನಾಗಿ ನಿಂತುಹೋಯಿತು.

ಒಳಗೆ ಚೊಂಬು ದಡಕ್ಕನೆ ಬಿತ್ತು. "ಭಾವಾ? ಭಾವಾ, ಇದ್ದೀರಾ?"

ಭಾವ ಗಡಬಡಿಸಿ ಬಕೆಟ್ಟಿನ ಮೇಲೆ ಕೈಯಿಟ್ಟ. ಹೆಂಡತಿ ಕೆಳಗೆ ಕೂತು, ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ತಾನೇ ಬಕೆಟ್ ಬಡಿಯತೊಡಗಿದಳು. ಅವಳಿಗೆ ತಾಳದ ಗಂಧವಿಲ್ಲ. ಅಡ್ಡಾದಿಡ್ಡಿ ಬಡಿದಳು.

"ಇದ್ದಾರೆ ಕಣೋ" ಅಂದಳು. "ಇಬ್ಬರೂ ಇದ್ದೀವಿ. ಸೋಪು ತೊಳ್ಕೊಂಡು ಬಾ."