ಕರಡಿಗೆಯ ಕೆಳಗಿನ ಕಪ್ಪು

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳೂ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತಿದ್ದರು. ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಅವ್ವನ ಎಡಮೊಲೆಯ ಮೇಲೆಯೇ ಇಳಿಬಿದ್ದಿರುತ್ತಿತ್ತು. ಹೀಗಾಗಿ ತೊಟ್ಟಿನ ಸುತ್ತ ಕಪ್ಪು ಕಲೆ ಮೂಡಿದಾಗ ಮಸ್ಕಿಯ ನಮ್ಮ ಓಣಿಯಲ್ಲಿ ಯಾರೂ ಹೆದರಲಿಲ್ಲ. ಬೆಳ್ಳಿ ತಿಕ್ಕಿ ತಿಕ್ಕಿ ಎದೆ ಕರ್ರಗಾದ ಮುದುಕಿಯರು ನಮ್ಮಲ್ಲಿ ಬೇಕಾದಷ್ಟಿದ್ದರು.

"ಲಿಂಗದ ಗುರುತು ಬಿಡವಾ, ನೀ ಪುಣ್ಯವಂತಿ" ಎಂದು ಅಜ್ಜಿ ಸೊಸೆಗೇ ಕೈಮುಗಿದುಬಿಟ್ಟಳು.

ಅವ್ವ ಹಟಮಾರಿ. ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆಯನ್ನು ಕೊರಳ ಹತ್ತಿರ ಕಟ್ಟಿಕೊಂಡಳು. ಯುಗಾದಿ ಕಳೆದು ಶ್ರಾವಣ ಬಂದರೂ ಕಲೆ ಮಾಸಲಿಲ್ಲ. ಇನ್ನಷ್ಟು ಹರಡಿ, ಸಿಪ್ಪೆ ಏಳತೊಡಗಿತು.

"ತಿಕ್ಕೋದು ನಿಂತೈತಿ, ಕಪ್ಪು ನಿಂತಿಲ್ಲ. ಇದು ಲಿಂಗದ್ದಲ್ಲ. ಗಾಡಿ ಹೂಡ್ರಿ" ಎಂದು ಅಪ್ಪನಿಗೆ ಹೇಳಿದಳು.

ನಿಜಾಮರ ಕಾಲ. ಲಿಂಗಸುಗೂರಿನ ದವಾಖಾನೆಯ ಡಾಕ್ಟರಮ್ಮನಿಗೆ ಉರ್ದು ಬಿಟ್ಟರೆ ಬೇರೆ ಬಾರದು, ಅವ್ವನಿಗೆ ಉರ್ದು ಬಾರದು. ಕಚೇರಿ ಓಡಾಟದಲ್ಲಿ ಉರ್ದು ಕಲಿತಿದ್ದ ಅಪ್ಪ ಪರದೆಯ ಆಚೆ ನಿಂತು, ನಾಚಿಕೆಗೆ ಬೆವರುತ್ತ, ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದ. ಅವ್ವನ ಪಕ್ಕದಲ್ಲಿ ನಾನಿದ್ದೆ. ಅಷ್ಟು ಕಪ್ಪು ಬಣ್ಣ ಕಂಡು ಡಾಕ್ಟರಮ್ಮನೂ ಮೊದಲು ಅದನ್ನು ಬರೀ ಚರ್ಮದ ರೋಗ ಅಂದುಕೊಂಡಳು. ಒತ್ತಿ ನೋಡಿದಾಗ ಒಳಗೆ ಗಂಟು ಸಿಕ್ಕಿತು. ಚೂರು ಚರ್ಮ ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದಳು.

ಉತ್ತರ ಬಂದ ದಿನ ಅಪ್ಪನ ಕನ್ನಡ ನಿಂತುಹೋಯಿತು.

"ಯಾಕ ಸುಮ್ಮನಾದ್ರಿ? ಆಕಿ ಏನಂತಾಳ ಹೇಳ್ರಿ" ಎಂದಳು ಅವ್ವ.

"ಕ್ಯಾನ್ಸರ್ ಅಂತ. ಮೊಲಿ ತಗೀಬೇಕಂತ."

"ತಗೀಲಿ. ಯಾವತ್ತು ಅಂತ ಕೇಳ್ರಿ."

ಅವಳ ಧೈರ್ಯ ಕಂಡು ನನಗೆ ಸಿಟ್ಟು ಬಂತು, ಒಮ್ಮೆಯಾದರೂ ಅಳಬಾರದೇ ಎಂದು.

ಆಪರೇಷನ್ನಿಗೆ ಮೈಮೇಲೆ ಏನೂ ಇರಬಾರದು ಎಂದರು. ಲಿಂಗ ಮೈ ಬಿಟ್ಟರೆ ಜೀವ ಬಿಟ್ಟಂತೆ ಎಂದು ಅಜ್ಜಿ ಗೋಳಾಡಿದಳು. ಅವ್ವ ವಾದಕ್ಕೆ ಹೋಗಲಿಲ್ಲ. ಕರಡಿಗೆಯಿಂದ ಲಿಂಗ ತೆಗೆದು, ಪೂಜೆಗೆ ಕೂತಾಗಿನಂತೆ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

"ಎಚ್ಚರ ತಪ್ಪಿದ್ರ ಕೈ ಸಡ್ಲಾಕೈತಿ. ಅರಿವಿ ಸುತ್ತಿ ಗಟ್ಟಿ ಕಟ್ಟು" ಎಂದು ಕೈಯನ್ನು ನನ್ನ ಮುಂದೆ ಚಾಚಿದಳು.

ಕಟ್ಟಿದೆ. ಡಾಕ್ಟರಮ್ಮ ಬೇಡ ಅನ್ನಲಿಲ್ಲ.

ಅವ್ವ ಉಳಿದಳು. ಮನೆಗೆ ಬಂದ ಮೇಲೆ ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತ ಸುತ್ತ ಕೂತರು. ಅವ್ವ ಸೆರಗು ಸರಿಸಿ ಹೊಲಿಗೆ ತೋರಿಸಿದಳು.

"ಅಳೋದು ಆಮ್ಯಾಲ. ಮೊದಲು ನಿಮ್ಮ ನಿಮ್ಮ ಕರಡಿಗಿ ಎತ್ತಿ, ಕೆಳಗ ಏನೈತಿ ನೋಡ್ಕೊಳ್ರಿ."

ಯಾರೂ ಮಿಸುಕಲಿಲ್ಲ. ಕಡೆಗೆ ಅಜ್ಜಿ ಗೋಡೆಯ ಕಡೆ ತಿರುಗಿ ತನ್ನದನ್ನು ಎತ್ತಿದಳು.